ಭಟ್ಟಿಗೆ ಹಾಕಿದ ಬೀಜ

11-11-2024, ಸೋಮವಾರ

ಹೊಸ ವಹಿ ಅಂದಮ್ಯಾಲ ಮೊದಲನೇ ಹಾಳಿಯೊಳಗ ಮಾಲಕನ ಹೆಸರಿರಬೇಕು. ಬಸವಂತರಾಯ. ಊರು ಕರಜಗಿ, ತಾಲೂಕು ಅಫಜಲಪುರ. ಏಳನೇ ಇಯತ್ತೆ ಪಾಸು, ಅದೂ ಒಂದೇ ಸಲಕ್ಕ. ಸಕ್ಕರಿ ಕಾರ್ಖಾನೆಯೊಳಗ ಪ್ಯಾನ್‌ಮನ್, ಅಂದ್ರ ಕಬ್ಬಿನ ಪಾಕ ಕುದಿಸಿ ಹರಳು ಕಟ್ಟಿಸಾಂವ. ಮೊದಲು ಸೋಲಾಪುರದ ಕಡೆ, ಆಮ್ಯಾಲ ಹವಳಗಾದಾಗ, ಒಟ್ಟು ಇಪ್ಪತ್ತೊಂಬತ್ತು ಹಂಗಾಮು. ನಾ ಕಟ್ಟಿಸಿದ ಸಕ್ಕರಿ ಚೀಲ ಸಾಲಾಗಿ ಇಟ್ರ ಅಫಜಲಪುರದಿಂದ ದಿಲ್ಲಿ ಮುಟ್ಟತಾವ. ಸುಳ್ಳಲ್ಲ, ಯಾರೂ ಇಟ್ಟು ನೋಡಿಲ್ಲ ಅಷ್ಟೇ.

ಈಗ ಕಡಗಂಚಿಯೊಳಗ ಬಾಡಿಗಿ ಖೋಲಿ. ಆರು ತಿಂಗಳಿಂದ ವಿದ್ಯಾಪೀಠದ ಲ್ಯಾಬಿನಾಗ ಗುತ್ತಿಗಿ ಅಟೆಂಡರ್. ಊರಾಗ ತಮ್ಮ ಕಲ್ಲಿನಾಥಗ "ಇಲ್ಲಿ ಭಟ್ಟಿ ನನ್ನ ಕೈಯಾಗ ಅದ" ಅಂತ ಹೇಳೇನಿ. ಭಟ್ಟಿ ಅಂದ್ರ ಮೊಳಕಾಲೆತ್ತರದ ಕರೆಂಟಿನ ಡಬ್ಬಿ. ದಿನಾ ಅದರ ಧೂಳು ಒರಸಾಂವ ನಾನೇ, ಹಂಗಾಗಿ ಇದೂ ಸುಳ್ಳಲ್ಲ.

ಲಗ್ನ ಆಗಲಿಲ್ಲ. ನೋಡಿದ ಒಂದು ಹೆಣ್ಣೂ ನನ್ನ ಸರಿಸಾಟಿ ಇರಲಿಲ್ಲ ಅಂತ ಎಲ್ಲಾರಿಗೂ ಹೇಳ್ತೇನಿ. ಖೋಲಿಗೆ ಬಂದ ಮ್ಯಾಲ ಮಾತಾಡೋರಿಲ್ಲ. ನಿನ್ನೆ ಐತವಾರ, ಮುಂಜಾನಿಂದ ಸಂಜಿತನಕ ಬಾಯಿಂದ ಒಂದು ಶಬ್ದ ಬರಲಿಲ್ಲ. ಸಂಜಿಗೆ ಒಂದು ಕೆಮ್ಮು ಬಂತು, ಅದಾದ್ರೂ ಬಂತಲ್ಲ ಅಂತ ಖುಷಿ ಆತು. ಅದಕ್ಕ ಈ ವಹಿ.

ಲ್ಯಾಬಿನಾಗ ನನ್ನ ಕೂಡ ಮಾತಾಡಾಕಿ ಒಬ್ಬಾಕೀನೇ, ಸುನಿತಾ. ಜೇವರ್ಗಿಯಾಕಿ, ಅವ್ವ ಹೊಲಿಗಿ ಮಷಿನ್ ನಡಸ್ತಾಳ. ಪಿಎಚ್‌ಡಿ ಐದನೇ ವರ್ಷ. ಉಳಿದ ಹುಡುಗರು ನನಗ "ಅಟೆಂಡರ್" ಅಂತಾರ, ಈಕಿ "ಕಾಕಾ" ಅಂತಾಳ.

ಇವತ್ತು ಆಕಿ ಖಲಬತ್ತಾದಾಗ ಕರೀ ಪುಡಿ ಅರೀತಿದ್ದಳು.

"ಏನ್ ಬೇ ಅದು? ಹಲ್ಲಿಗೆ ಹಚ್ಚೂದೇನು?"

ನಕ್ಕು ತನ್ನ ಬುತ್ತಿ ಬಿಚ್ಚಿ ಕಡಕ್ ರೊಟ್ಟಿ ತೆಗೆದಳು. "ಇಲ್ಲಿ ನೋಡ್ರಿ ಕಾಕಾ. ಕೋಬಾಲ್ಟೂ ಆಕ್ಸಿಜನ್ನೂ ಕೂಡಿ ತಟ್ಟಿದ ರೊಟ್ಟಿ ಇದು. ಮ್ಯಾಲ ಶೇಂಗಾ ಹಿಂಡಿ ಉದುರಸ್ರಿ, ಅದು ಸೋಡಿಯಂ. ಮತ್ತೊಂದು ರೊಟ್ಟಿ, ಮತ್ತ ಹಿಂಡಿ. ಹಂಗ ಲಕ್ಷಗಟ್ಟಲೆ ಪದರ. ಕರೆಂಟ್ ಒಂದೊಂದು ರೊಟ್ಟಿಯೊಳಗ ಆರಾಮ ಓಡ್ತದ. ರೊಟ್ಟಿಯಿಂದ ರೊಟ್ಟಿಗೆ ಜಿಗೀಬೇಕಂದ್ರ ಒದ್ದಾಡ್ತದ."

"ಹಿಂಡಿ ಖಾರ ಭಾಳ ಆಗಿರಬೇಕು," ಅಂದೆ. ನಕ್ಕಳು. ಆ ನಗು ಖೋಲಿತನಕ ಬಂತು.

ಆಕೀ ತ್ರಾಸು ಏನಂದ್ರ, ಈ ಪುಡಿ ಬೇಯಿಸಿ ಒತ್ತಿ ಬಿಲ್ಲೆ ಮಾಡಿದ ಮ್ಯಾಲ ಅದರೊಳಗ ಕರೆಂಟಿಗಿರೋ ಅಡ್ಡಿ ಇಳೀಬೇಕು. ಇಳಿದ್ರ ಪೇಪರ್ ಅಚ್ಚಾಗ್ತದ. ಪೇಪರ್ ಆದ್ರ ಡಾಕ್ಟರ್ ಪದವಿ. ಮಾರ್ಚ್ ಒಳಗ ಥೀಸಿಸ್ ಕೊಡದಿದ್ರ ಐದು ವರ್ಷ ಹೊಳಿಯಾಗ ಹೋದಂಗ.

15-11-2024, ಶುಕ್ರವಾರ

ಮತ್ತ ಇಳಿಯಲಿಲ್ಲ. ಹನ್ನೊಂದನೇ ಸಲ. ಸುನಿತಾ ಮಷಿನ್ ಮುಂದ ಕುಂತಾಕಿ ಎದ್ದೇ ಇಲ್ಲ.

ಧೈರ್ಯ ತುಂಬೂದು ನನ್ನ ಕೆಲಸ. "ಹರಳು ಕಟ್ಟೂದು ನನ್ನ ಕೇಳು. ಪಾಕ ಎಷ್ಟು ಕುದಿಸಿದ್ರೂ ತಾನಾಗಿ ನೆಟ್ಟಗ ಕಾಳು ಕಟ್ಟೂದಿಲ್ಲ. ಸಣ್ಣಗ ಅರೆದ ಸಕ್ಕರಿ ಒಳಗ ಬಿಡಬೇಕು. ಅದಕ್ಕ ಬೀಜ ಅಂತೇವಿ. ಬೀಜ ನೋಡಿ ಉಳಿದ ಪಾಕ ಕಲೀತದ. ನಾ ಗಾಜಿನ ಪಟ್ಟಿ ಮ್ಯಾಲ ಒಂದ ಹನಿ ತಗೊಂಡು ಬೆಳಕಿಗೆ ಹಿಡದ್ರ ಸಾಕು, ಇಂಜಿನಿಯರು ಉಸುರು ಬಿಗಿ ಹಿಡಿದು ನಿಂದರತಿದ್ದರು."

"ಇದು ಪಾಕ ಅಲ್ಲ ಕಾಕಾ," ಅಂದಳು. ತಲಿ ಎತ್ತಲಿಲ್ಲ.

ಗೇಟಿನಾಗ ವಾಚಮನ್ ಲಾಡ್ಲೆಸಾಬ ತಡದ. "ಕ್ಯಾ ಬಸವಂತರಾಯ, ಇವತ್ತ ಯಾವ ಕಿಲ್ಲಾ ಗೆದ್ದಿ?"

"ನಾಳಿ ಗೆಲ್ತೇನಿ," ಅಂದೆ.

22-11-2024, ಶುಕ್ರವಾರ

ಹಹ್ಹಾ! ಗೆದ್ದೆ ಅಂತ ತಿಳಕೊ.

ಈ ಮಾತು ಎಲ್ಲೂ ಹೇಳೂದಲ್ಲ, ಇಲ್ಲಿ ಮಾತ್ರ. ಸುನಿತಾಗ ಮೀಟಿಂಗ್ ಇತ್ತು, ಅರಿಯೂದು ನನ್ನ ಕೈಗೆ ಕೊಟ್ಟು ಹೋದಳು. ನನ್ನ ರಟ್ಟಿ ಗಟ್ಟಿ ಅದಾವಂತ ಆಕೀಗೆ ಗೊತ್ತು. ಅರಿಯೂತ ಅರಿಯೂತ ಮ್ಯಾಲಿನ ಫಳಿ ನೋಡಿದೆ. ಹಿಂದ ಓದಿಹೋದ ಯಾರೋ ಹುಡುಗ ಬಿಟ್ಟ ಬಾಟ್ಲಿ ಏಳೆಂಟು ಇದ್ದವು. ಎಲ್ಲಾ ಕರೀ ಪುಡೀನೇ. ಒಂದೊಂದೇ ಬೆಳಕಿಗೆ ಹಿಡಿದೆ. ಒಂದರೊಳಗ ಮಾತ್ರ ಮಿಣಕ್ ಮಿಣಕ್ ಅಂತಿತ್ತು. ಕಾಳು ಕಟ್ಟಿದ ಮಾಲಿನ ಲಕ್ಷಣ ಅದು. ಇಪ್ಪತ್ತೊಂಬತ್ತು ಹಂಗಾಮು ನೋಡಿದ ಕಣ್ಣು ತಪ್ಪತದೇನು?

ಚಿಟಿಕಿ ತಗೊಂಡು ಖಲಬತ್ತಾದಾಗ ಬಿಟ್ಟೆ. ಬೀಜ!

ಬಾಟ್ಲಿ ಇದ್ದಲ್ಲೇ ಇಟ್ಟು, ಸುನಿತಾ ಬಂದಾಗ ಮುಗ್ಧ ಮಾರಿ ಮಾಡಿಕೊಂಡು ಅರೀತಿದ್ದೆ. ನಾಟಕದಾಗ ಪಾರ್ಟ ಹಾಕಿದಾಂವ ನಾನು, ಯಾರಿಗೆ ಗೊತ್ತಾಗಬೇಕು.

2-12-2024, ಸೋಮವಾರ

ಅಡ್ಡಿ ಅರ್ಧಕ್ಕ ಇಳೀತು! ಅರ್ಧಕ್ಕ!

ಬಿಲ್ಲೆಗೆ ಕೂದಲಿನಂಥ ನಾಲ್ಕು ತಂತಿ ಹಚ್ಚಿ ಸುನಿತಾ ಮಷಿನ್ ಚಾಲೂ ಮಾಡಿದಳು. ಅಂಕಿ ನೋಡಿದಳು. ತಂತಿ ಬಿಚ್ಚಿ ಮತ್ತ ಹಚ್ಚಿದಳು. ಮತ್ತ ನೋಡಿದಳು. ಆಮ್ಯಾಲ ನನ್ನ ಎರಡೂ ಕೈ ಹಿಡಕೊಂಡು, "ಕಾಕಾ, ನೀವ ಅರೆದದ್ದು ಇದು! ನಿಮ್ಮ ಕೈಗುಣ!" ಅಂದಳು.

ಯಾರಾದ್ರೂ ನನ್ನ ಕೈ ಹಿಡಿದು ಎಷ್ಟು ವರ್ಷ ಆಗಿತ್ತೋ. ಲೆಕ್ಕ ಹಾಕಿದೆ, ಸಿಗಲಿಲ್ಲ.

ಆಕೀ ಗೈಡ್ ಶ್ರೀರಂಗ ಸರ್ ಬಂದರು. ಕನ್ನಡಕ ಹಣಿಗೇರಿಸಿ, ಎಕ್ಸ್‌ರೇ ಹಾಳಿಯಾಗಿನ ಗೆರೆಗಳನ್ನ ಮೂಗಿನ ಹತ್ರ ಹಿಡಿದು ನೋಡಿದರು. "ಪದರು ಸರಿಯಾಗೇ ಕೂತಿದೆ. ಇಲ್ಲೊಂದು ಸಣ್ಣ ಉಬ್ಬು ಎದ್ದಿದೆಯಲ್ಲಮ್ಮಾ, ಇದೇನು?"

"ಗೊತ್ತಿಲ್ರಿ ಸರ್. ಮಷಿನ್ನಿನ ಗದ್ದಲ ಇರಬೇಕು."

"ಇರಬಹುದು. ಇನ್ನೊಂದು ಸಲ ಮಾಡು. ಎರಡು ಸಲ ಬಂದ್ರೆ ಪೇಪರ್ ಕಳಿಸೋಣ."

ನಾಲಿಗಿ ತುದಿಗೆ ಬಂದಿತ್ತು, ನನ್ನ ಬೀಜದ ಪ್ರತಾಪ. ಆದ್ರ ಸರ್ ಮುಂದ ಹೇಳಿದ್ರ ಸುನಿತಾಳ ಹೆಸರು ಸಣ್ಣದಾಗ್ತದ. ಆಕೀನೇ ಮೆರೀಲಿ ಅಂತ ಬಾಯಿ ಮುಚ್ಚಿದೆ. ನನ್ನಷ್ಟು ದೊಡ್ಡ ಮನಸ್ಸಿನಾಂವ ಕಡಗಂಚಿಯಾಗ ಸಿಗೂದಿಲ್ಲ.

12-12-2024, ಗುರುವಾರ

ಎರಡನೇ ಸಲಾನೂ ನಾನೇ ಅರೆದೆ, ಚಿಟಿಕಿ ಬಿಟ್ಟೆ. ಎರಡನೇ ಸಲಾನೂ ಇಳೀತು. ಪೇಪರ್ ಹೋತು.

ಸುನಿತಾ ಪೇಢೆ ತಂದಿದ್ದಳು. ಮೊದಲನೇದ್ದು ನನಗ. ಅದನ್ನ ತಿನ್ನದೇ ಖೋಲಿಗೆ ತಂದೆ. ಲಾಡ್ಲೆಸಾಬಗ "ನನ್ನ ಕೈಯಿಂದ ಒಂದು ಪಿಎಚ್‌ಡಿ ಆತು" ಅಂದೆ. "ನಿನ್ನ ಬಾಯಿಂದ ಹತ್ತ ಆಗಿರಬೇಕು," ಅಂದ ಬೇಕೂಫ.

ಖರೇ ಹೇಳಬೇಕಂದ್ರ ಇವತ್ತು ಒಂದು ವಿಚಿತ್ರ ಆತು. ಜನ್ಮದಾಗ ಒಂದೇ ಒಂದು ದೊಡ್ಡ ಕೆಲಸ ಮಾಡೇನಿ, ಅದನ್ನ ಯಾರಿಗೂ ಹೇಳೂಹಂಗಿಲ್ಲ. ಮಾಡದೇ ಇದ್ದದ್ದನ್ನ ಹೇಳಿ ರೂಢಿ ನನಗ, ಮಾಡಿದ್ದನ್ನ ನುಂಗಿ ರೂಢಿ ಇಲ್ಲ.

30-12-2024, ಸೋಮವಾರ, ಎಳ್ಳಮಾಸಿ, ಕರಜಗಿ

ಹೊಲದಾಗ ಎಲ್ಲಾರೂ ಕೂಡಿದ್ದರು. ಬಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಅಂಬಲಿ. ಕಲ್ಲಿನಾಥ ಜ್ವಾಳದ ಸಾಲಿನಾಗ ಭೂಮಿತಾಯಿಗೆ ಚರಗ ಚೆಲ್ಲಿ ಬಂದ. ನಾ ಲ್ಯಾಬಿನ ವಿಷಯ ತೆಗೆದೆ. ರೊಟ್ಟಿ, ಹಿಂಡಿ, ಪದರು, ಕರೆಂಟು. ಅರ್ಧ ಹೇಳೂದ್ರಾಗ ಮಂದಿ ಎದ್ದು ಕಡಲಿ ಗಿಡ ಕೀಳಾಕ ಹೋದರು. ಉಳಿದಾಂವ ಕಲ್ಲಿನಾಥ ಒಬ್ಬನೇ, ಬನ್ನಿ ಗಿಡದ ನೆರಳಾಗ ಅಡ್ಡಾಗಿದ್ದ.

"ಕಲ್ಲ್ಯಾ, ಒಂದು ಗುಟ್ಟು ಹೇಳ್ತೇನಿ, ಯಾರಿಗೂ ಹೇಳಬ್ಯಾಡ," ಅಂತ ಶುರು ಮಾಡಿದೆ. ಬಾಟ್ಲಿ ಬೆಳಕಿಗೆ ಹಿಡಿದಲ್ಲಿತನಕ ಬಂದಾಗ ಅವನ ಗೊರಕಿ ಕೇಳಿಸ್ತು.

ಆದ್ರೂ ಪೂರಾ ಹೇಳಿದೆ.

3-1-2025, ಶುಕ್ರವಾರ

ನಾ ಊರಾಗಿದ್ದಾಗ ಸುನಿತಾ ತಾನೇ ಅರೆದು ಮೂರನೇ ಸಲ ಮಾಡ್ಯಾಳ. ಪೇಪರ್ ನೋಡಿದ ದೂರದ ಪಂಡಿತರು ಮತ್ತೊಂದು ಸಲದ ಅಂಕಿ ಕೇಳಿದ್ದರಂತ. ಇಳಿಯಲಿಲ್ಲ.

"ನನ್ನ ಕೈಯಾಗೇ ಏನೋ ಅದ ಕಾಕಾ," ಅಂದಳು. "ತೂಕ ತಪ್ಪೀನೇನೋ. ಐದು ವರ್ಷ ಆತು, ಇನ್ನೂ ತೂಕ ಮಾಡಾಕ ಬರೂದಿಲ್ಲ ನನಗ."

ಆಕಿ ತೂಕ ಮಾಡೂದನ್ನ ನಾ ನೋಡೇನಿ. ಉಸುರು ಸುದ್ಧಾ ಬಿಡೂದಿಲ್ಲ.

"ಆ ಮ್ಯಾಲಿನ ಫಳಿ ಬಾಟ್ಲಿಯಾಗ ಏನದ ಬೇ?" ಸುಮ್ಮನ ಕೇಳಿದಂಗ ಕೇಳಿದೆ.

"ಯಾವ್ದು, ಮಿಂಚೂದಾ? ಹಳೇ ಸ್ಟೂಡೆಂಟಂದು. ಬೆಳ್ಳಿ ಬೆರೆಸ್ಯಾನ. ಮುಟ್ಟಬ್ಯಾಡ್ರಿ ಕಾಕಾ, ಬೆಳ್ಳಿ ಒಂಚೂರು ಬಿದ್ರೂ ಕರೆಂಟಿಗೆ ಡಾಂಬರ್ ರಸ್ತಾ ಹಾಕಿಕೊಟ್ಟಂಗ. ನನ್ನ ಅಂಕಿ ಎಲ್ಲಾ ಸುಳ್ಳಾಗ್ತಾವ."

ಹೂಂ ಅಂದೆ. ನೆಲ ಒರಸಿದೆ. ಒರಸಿದ ನೆಲಾನೇ ಮತ್ತ ಒರಸಿದೆ.

6-1-2025, ಸೋಮವಾರ

ಸಕ್ಕರಿಗೆ ಸಕ್ಕರೀದೇ ಬೀಜ ಹಾಕತಿದ್ದೆವು. ನಾ ಇಲ್ಲಿ ಹಾಕಿದ್ದು ಜ್ವಾಳದ ಹೊಲಕ್ಕ ಹತ್ತಿ ಬೀಜ. ಆದ್ರೂ ಮನಸ್ಸು, ಹೋಗಲಿ ಬಿಡು, ಯಾರಿಗೆ ಏನು ಲುಕ್ಸಾನ, ಅಂತಿತ್ತು. ಇವತ್ತು ಗೊತ್ತಾತು ಯಾರಿಗೆ ಅಂತ.

ಕಿಟಕಿ ಗಾಜು ಒರಸ್ತಿದ್ದೆ. ಒಳಗ ಶ್ರೀರಂಗ ಸರ್ ಆವಾಜು ಏರಿತ್ತು.

"ಎರಡು ಸಲ ಬಂದದ್ದು ಮೂರನೇ ಸಲ ಯಾಕೆ ಬರಲಿಲ್ಲ? ಒಂದು ಮಾತು ಕೇಳ್ತೀನಿ ಸುನಿತಾ, ಸಿಟ್ಟಾಗಬೇಡ. ಆ ಅಂಕಿ ಮಷಿನ್ ಕೊಟ್ಟದ್ದೋ, ನೀನು ಬರೆದದ್ದೋ?"

"ಸರ್!"

"ಮಾರ್ಚ್ ಹತ್ರ ಬಂದಾಗ ಎಷ್ಟೋ ಮಂದಿ ಬರೆದಿದ್ದಾರಮ್ಮಾ."

"ನಮ್ಮವ್ವನ ಆಣಿ ಮಾಡಿ ಹೇಳ್ತೇನ್ರಿ."

"ಆಣೆ ಬೇಡ. ನಾಲ್ಕನೇ ಸಲ ಮಾಡು. ಬಂದ್ರೆ ಸರಿ. ಬರದಿದ್ರೆ ಪೇಪರ್ ವಾಪಸ್. ಆಮೇಲೆ ನಿನ್ನ ಥೀಸಿಸ್‌ಗೆ ನಾನು ಹೇಗೆ ಸಹಿ ಹಾಕಲಿ?"

ಸುನಿತಾ ಹೊರಗ ಬಂದಾಗ ನನ್ನ ಮಾರಿ ನೋಡಲಿಲ್ಲ. ನಾನೂ ನೋಡಗೊಡಲಿಲ್ಲ.

7-1-2025, ಮಂಗಳವಾರ

ಉಣ್ಣಲಿಲ್ಲ.

9-1-2025, ಗುರುವಾರ

ಮುಂಜಾನೆ ಸುನಿತಾ ಪುಡಿ ತೂಗಿ ಖಲಬತ್ತಾ ನನ್ನ ಕಡೆ ಸರಿಸಿದಳು. "ಈ ಸಲ ನೀವ ಅರೀರಿ ಕಾಕಾ. ಸೈನ್ಸ್ ಓದಿದಾಕಿ ಹಿಂಗನ್ನಬಾರದು, ಆದ್ರ ನಿಮ್ಮ ಕೈಗುಣ ಮ್ಯಾಲ ನನಗ ನಂಬಿಗಿ ಬಂದದ." ಅಂದು ಚಾ ತರಾಕ ಹೋದಳು.

ಬಾಟ್ಲಿ ಇಳಿಸಿದೆ. ಮುಚ್ಚಳ ತೆಗೆದೆ.

ಒಂದು ಚಿಟಿಕಿ ಬಿಟ್ರ ಎಲ್ಲಾ ಸರಿ ಆಗ್ತದ. ಸರ್ ಬಾಯಿ ಮುಚ್ಚತದ. ಪೇಪರ್ ಅಚ್ಚಾಗ್ತದ. ಜೇವರ್ಗಿ ತನಕ ಪೇಢೆ ಹೋಗ್ತಾವ. ಆಕಿ ಎಲ್ಲೇ ನೌಕರಿಗೆ ಹೋದ್ರೂ ಹಬ್ಬಕ್ಕೊಮ್ಮೆ ಫೋನ್ ಮಾಡಿ "ಕಾಕಾ" ಅಂತಾಳ. ಇಷ್ಟೂ ಒಂದು ಚಿಟಿಕಿಯಾಗಿತ್ತು. ಇಲ್ಲಾಂದ್ರ ಏನೂ ಇಲ್ಲ.

ಆದ್ರ ಮುಂದ ಯಾರೋ ಮತ್ತೊಬ್ಬರು, ಎಲ್ಲೋ ಮತ್ತೊಂದು ಊರಾಗ, ಆಕೀ ಪೇಪರ್ ನೋಡಿ ಅದನ್ನೇ ಅರೀತಾರ. ಅವರಿಗೆ ಬರೂದಿಲ್ಲ. ಆವಾಗ ಆಕಿ ಇನ್ನೂ ದೊಡ್ಡ ಕುರ್ಚಿ ಮ್ಯಾಲ ಇರತಾಳ, ಬೀಳೂದೂ ಅಷ್ಟೇ ಮ್ಯಾಲಿಂದ.

ಎರಡು ಕಪ್ಪು ಹಿಡಕೊಂಡು ಬಂದಳು. "ಚಾ ಆರ್ತದ್ರಿ ಕಾಕಾ." ನನ್ನ ಕೈಯಾಗಿನ ಬಾಟ್ಲಿ ನೋಡಿದಳು. "ಅದನ್ನ ಯಾಕ ತೆಗೆದ್ರಿ?"

"ಇದನ್ನ ಹಾಕೇನಿ. ಹಿಂದ."

"ಎಲ್ಲಿ ಹಾಕೀರಿ?"

ಖಲಬತ್ತಾ ತೋರಿಸಿದೆ.

ಕಪ್ಪು ಕೆಳಗಿಟ್ಟಳು. "ಎರಡೂ ಸಲ?"

"ಎರಡೂ ಸಲ. ಬೀಜ ಅಂತ ಹಾಕಿದೆ ಬೇ. ನಿನಗ ಛಲೋ ಆಗಲಿ ಅಂತ..."

"ಎಷ್ಟು?"

"ಒಂದ ಸಣ್ಣ ಚಿಟಿಕಿ."

ಎರಡೂ ಕಪ್ಪಿನ ಚಾ ಬೇಸಿನ್ನಿಗೆ ಸುರಿದಳು. ಕಪ್ಪು ತೊಳೆದಳು. ಬೋರಲ ಹಾಕಿದಳು. ನನ್ನ ಕಪ್ಪೂ ಆಕೀನೇ ತೊಳೆದಳು. ಬೈದಿದ್ರ ಇಷ್ಟು ಆಗ್ತಿರಲಿಲ್ಲ.

10-1-2025, ಶುಕ್ರವಾರ

ಸರ್ ಕರೆಸಿದರು. ಎಲ್ಲಾ ಹೇಳಿದೆ. ಜನ್ಮದಾಗ ಮೊದಲನೇ ಸಲ ಒಂದಕ್ಕ ಒಂದು ಕೂಡಿಸದೇ ಹೇಳಿದೆ. ಸರ್ ನಂಬಲಿಲ್ಲ.

"ಬಸವಂತರಾಯ, ದಿಲ್ಲಿತನಕ ಸಕ್ಕರೆ ಚೀಲ ಇಟ್ಟವನು ನೀನು. ಈ ಹುಡುಗಿ ಮೇಲಿನ ಮಮತೆಗೆ ಇದನ್ನೂ ಕಟ್ಟಿ ಹೇಳ್ತಿಲ್ಲ ಅಂತ ಹೇಗೆ ನಂಬಲಿ?"

"ಖರೇ ಅದರಿ ಸರ್."

"ನಿನ್ನ ಖರೆ ತಗೊಂಡು ಏನು ಮಾಡಲಿ? ನೀನು ಹಾಕಿದಷ್ಟೇ ತೂಗಿ ಹಾಕಿ, ಸುನಿತಾ ನನ್ನ ಕಣ್ಣೆದುರಿಗೆ ಮಾಡಲಿ. ಅದೇ ಅಂಕಿ ಬಂದ್ರೆ ಆಕೆ ಬರೆದದ್ದಲ್ಲ ಅಂತ ಒಪ್ತೀನಿ. ಬರದಿದ್ರೆ ಇಬ್ಬರೂ ಸುಳ್ಳರು."

ಲ್ಯಾಬಿನ ಒಳಗ ಹೋಗೂಹಂಗಿಲ್ಲ ಇನ್ನ. ಗುತ್ತಿಗಿದಾರ ನನ್ನ ಗಿಡಕ್ಕ ನೀರು ಹಾಕೋ ಕೆಲಸಕ್ಕ ಹಚ್ಯಾನ.

14-1-2025, ಮಂಗಳವಾರ, ಸಂಕ್ರಾಂತಿ

ಎಳ್ಳು ಬೆಲ್ಲ ಕೊಡೋರಿಲ್ಲ, ಇಸಗೊಳ್ಳೋರಿಲ್ಲ. ಲಾಡ್ಲೆಸಾಬ ಗೇಟಿನಾಗ ತನ್ನ ಸ್ಟೂಲ್ ಬಿಟ್ಟುಕೊಟ್ಟ, ತಾನು ಕಟ್ಟೀ ಮ್ಯಾಲ ಕುಂತ. ಯಾವ ಕಿಲ್ಲಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಳಂದದ ಎರಡು ಬಸ್ಸು ಹೋದವು, ಕುಂತೇ ಇದ್ದೆವು.

16-1-2025, ಗುರುವಾರ

ಸುನಿತಾ ತೋಟದ ತನಕ ಬಂದಳು. "ಬರ್ರಿ," ಅಂದಳು. ಅಷ್ಟೇ. ಹಿಂದ ಹೋದೆ. ಸರ್ ಬಾಗಿಲಾಗ ನಿಂತಿದ್ದರು.

ಗಾಜಿನ ಪೆಟಿಗಿಯೊಳಗಿನ ತಕ್ಕಡಿ. ಅದರ ಮ್ಯಾಲ ಹಾಳಿ ತುಂಡು. "ಅವತ್ತು ತಗೊಂಡಂಗ ಚಿಟಿಕಿ ತಗೊಂಡು ಇದರ ಮ್ಯಾಲ ಬಿಡ್ರಿ. ಹತ್ತು ಸಲ. ಸರಾಸರಿ ತೆಗೀತೇನಿ."

ಬೆರಳು ಬಾಟ್ಲಿಗೆ ಇಳಿಸಿದೆ. ಬಿಟ್ಟೆ. 0.11 ಗ್ರಾಂ. ಬರಕೊಂಡಳು. ಮತ್ತ ಬಿಟ್ಟೆ. 0.12. ಮತ್ತ. 0.10.

ಪೆನ್ನು ನಿಂತಿತು. ಆಕಿ ಹಾಳಿ ಮ್ಯಾಲ ಏನೋ ಗುಣಿಸಿ ಭಾಗಿಸಿದಳು. "ಇಷ್ಟಕ್ಕ ಅರ್ಧ ಇಳಿಯೂದಿಲ್ಲ," ಅಂತ ಮೆತ್ತಗ ಅಂದಳು, ನನಗಲ್ಲ, ಹಾಳಿಗೆ. ಬಾಗಿಲಾಗ ಸರ್ ಗಂಟಲು ಸರಿಮಾಡಿಕೊಂಡರು.

ನಾ ಯಾಕ ಹಂಗ ಮಾಡಿದೆನೋ. ಬೆರಳು ತಾವೇ ಸಣ್ಣ ಆಗಿದ್ದವು. ಸಣ್ಣ ಚಿಟಿಕಿ ಅಂತ ಹೇಳಿದ್ದೆನಲ್ಲ, ತಪ್ಪೂ ಅಷ್ಟ ಸಣ್ಣದಿರಲಿ ಅಂತ ಇರಬೇಕು.

"ತಡಿ," ಅಂದೆ. "ಅವು ಮೂರೂ ಸುಳ್ಳು. ಅವತ್ತು ಇಷ್ಟು ಕಡಿಮಿ ತಗೊಂಡಿರಲಿಲ್ಲ."

ಆಕಿ ತಲಿ ಎತ್ತಿ ನೋಡಿದಳು. ಆ ದಿನದಿಂದ ಮೊದಲನೇ ಸಲ ನೆಟ್ಟಗ ನೋಡಿದಳು.

ಹೆಬ್ಬೆರಳಿಗೆ ಮೂರು ಬೆರಳು ಕೂಡಿಸಿ, ಪ್ಯಾನಿಗೆ ಬಿಡೂಹಂಗ ತುಂಬಿ ತಗೊಂಡೆ. 0.37. ಮತ್ತ. 0.39. 0.36. 0.38. 0.38. 0.35. 0.37. ಒಂದೊಂದಕ್ಕೂ "ಮತ್ತ" ಅಂತಿದ್ದಳು. ಏಳು ಆದವು.

ಮೊದಲಿನ ಮೂರು ಅಂಕಿ ಮ್ಯಾಲ ಒಂದೊಂದು ಗೆರಿ ಎಳೆದಳು.

"ಪೂರಾ ಗೀಚಿ ಅಳಿಸಬಾರದಾ?" ಕೇಳಿದೆ.

"ಲ್ಯಾಬ್ ವಹಿಯೊಳಗ ಅಳಸೂಹಂಗಿಲ್ಲ. ತಪ್ಪಿದ್ರ ಒಂದ ಗೆರಿ. ಕೆಳಗ ಏನಿತ್ತಂತ ಓದಾಕ ಬರಬೇಕು." ವಹಿ ತಿರುಗಿಸಿದಳು. "ಇಲ್ಲಿ ಸಹಿ ಮಾಡ್ರಿ."

ಮಾಡಿದೆ.

27-1-2025, ಸೋಮವಾರ

ಸುದ್ದಿ ಲಾಡ್ಲೆಸಾಬನಿಂದ ಗೊತ್ತಾತು. ಸರ್ ಎದುರಿಗೆ ಆಕಿ ತಾನೇ ತೂಗಿ, ತಾನೇ ಅರೆದು ಬೇಯಿಸಿದ್ದಳಂತ. ಅಂಕಿ ಬಂತಂತ, ಹಿಂದಿನ ಎರಡಕ್ಕೂ ಹೊಂದೂಹಂಗ. ಎಕ್ಸ್‌ರೇ ಹಾಳಿಯಾಗಿನ ಆ ಉಬ್ಬೂ ಬೆಳ್ಳೀದೇ ಅಂತ. ಬೆಳ್ಳಿ ಬೆರೆಸೂದು ಹೊಸದೇನಲ್ಲಂತ, ಮಂದಿ ಎಂದೋ ಮಾಡಿ ಬಿಟ್ಟಾರ. ಹಂಗಾಗಿ ಪೇಪರ್ ವಾಪಸ್ ತಗೊಂಡರು. ಒಟ್ಟು ಹನ್ನೆರಡು ಸಲ ಇಳೀದೇ ಇದ್ದದ್ದನ್ನ ಇದ್ದಂಗ ಬರೆದು ಕೊಡು, ಸಹಿ ಹಾಕ್ತೀನಿ ಅಂದಾರಂತ ಸರ್. ದೊಡ್ಡ ಹೆಸರು ಬರೂದಿಲ್ಲ. ಕೆಟ್ಟ ಹೆಸರೂ ಇಲ್ಲ.

"ನೀ ಹೋಗಿ ಮಾತಾಡಸಬಾರದೇನೋ?" ಅಂದ ಲಾಡ್ಲೆಸಾಬ.

"ಏನಂತ ಮಾತಾಡಸಲಿ?"

ಮಧ್ಯಾಹ್ನ ಬೇವಿನ ಸಾಲಿಗೆ ನೀರು ಬಿಟ್ಟು ನಿಂತಿದ್ದೆ. ಸುನಿತಾ ಹಾಳಿ ಕಟ್ಟು ಎದೀಗವಚಿಕೊಂಡು ಲೈಬ್ರರಿ ಕಡೆ ಹೊಂಟಿದ್ದಳು. ಬದಿಗೆ ಬಂದಾಗ ಹೆಜ್ಜಿ ತಡೀತು. ಕಾಕಾ ಅನ್ನಲಿಲ್ಲ. ನೆಲ ನೋಡಿ, "ನೀರು ರಸ್ತಾಕ್ಕ ಹೋಗಾಕತ್ತದ ನೋಡ್ರಿ," ಅಂದು ಮುಂದ ಹೋದಳು.

ಪೈಪ್ ಸರಿಸಿದೆ. ಗಿಡದ ಬುಡಕ್ಕ ಕುಂತು ಸಂಜಿತನಕ ಕಾದೆ. ಒಂದ ಹನಿ ರಸ್ತಾಕ್ಕ ಹೋಗಗೊಡಲಿಲ್ಲ.